ಬಾಯಮ್ಮನ ಭರಣಿ

ಒಂದು ಬೆಂಕಿಪೊಟ್ಟಣ ಕೇಳಿದರೂ ಅವರು ಅದನ್ನು ಎರಡು ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಸಣ್ಣ ಕೈಗಳು. ಉಪ್ಪಿನಲ್ಲಿ ನೆನೆದು ನೆನೆದು ನೆರಿಗೆ ಬಿದ್ದ ಬೆರಳ ತುದಿಗಳು. ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿಹೋಗಿ ಮತ್ತೆ ಕೂಡಿರಲಿಲ್ಲ. ನಮ್ಮ ಕಡೆ ಎರಡು ಕೈ ಒಡ್ಡುವುದು ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಳ್ಳುವಾಗ. ಹಾಗಾಗಿ ಮೊದಲ ಸಲ ಆ ಅಂಗಡಿಗೆ ಹೋದವರಿಗೆ ಗಲಿಬಿಲಿಯಾಗುತ್ತಿತ್ತು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಾವೂ ಎರಡು ಕೈ ಚಾಚಿ, ಬೆಂಕಿಪೊಟ್ಟಣವನ್ನು ಭಕ್ತಿಯಿಂದ ಸ್ವೀಕರಿಸಿ ಹೊರಗೆ ಬರುತ್ತಿದ್ದರು.

ತೊಂಬತ್ತೇಳು, ತೊಂಬತ್ತೆಂಟರ ಸುಮಾರಿಗೆ ಅಮ್ಮ ಮತ್ತು ನಾನು ಇನ್ನಂಜೆಯಿಂದ ಮಣಿಪಾಲಕ್ಕೆ ಬಂದೆವು. ನನಗೆ ಅಲ್ಲಿ ಕೆಲಸ ಸಿಕ್ಕಿತ್ತು. ಗುಡ್ಡದ ಇಳಿಜಾರಿನ ಒಂದು ಓಣಿಯಲ್ಲಿ ಬಾಡಿಗೆ ಮನೆ. ಪಕ್ಕದಲ್ಲೇ ಆ ಅಂಗಡಿ. ನಡುವೆ ಸೊಂಟದೆತ್ತರದ ಒಂದು ಪಾಗಾರದ ಗೋಡೆ, ಅದಕ್ಕೆ ತಾಗಿ ನಮ್ಮ ಅಂಗಳದಲ್ಲಿ ಒಂದು ತೆಂಗಿನಮರ. ಬೋರ್ಡಿನಲ್ಲಿ ಜನರಲ್ ಸ್ಟೋರ್ಸ್ ಎಂದಷ್ಟೇ ಬರೆದಿತ್ತು. ಓಣಿಯವರು ಮಾತ್ರ ವಿಯೆಟ್ನಾಂ ಅಂಗಡಿ ಎನ್ನುತ್ತಿದ್ದರು. ಅಂಗಡಿಯ ಒಡತಿ ಆ ದೇಶದವರು. ಅವರ ಹೆಸರು ನಮ್ಮ ನಾಲಿಗೆಗೆ ಹತ್ತುತ್ತಿರಲಿಲ್ಲ. ಅವರು ಇಗರ್ಜಿಗೆ ಹೋಗುವವರಾದ್ದರಿಂದ, ಕ್ರಿಸ್ತುವರ ಹೆಂಗಸರನ್ನು ಕರೆಯುವ ನಮ್ಮೂರಿನ ರೂಢಿಯಂತೆ, ಎಲ್ಲರಿಗೂ ಬಾಯಮ್ಮ ಆದರು.

ಗಂಡ ಕೆಮ್ಮಣ್ಣಿನವರು. ಹಡಗಿನಲ್ಲಿ ಅಡುಗೆಯವರಾಗಿದ್ದವರು. ಯಾವುದೋ ಬಂದರಿನ ಸಂತೆಯಲ್ಲಿ ಇವರನ್ನು ಕಂಡು, ಮದುವೆಯಾಗಿ, ಊರಿಗೆ ಕರೆದುಕೊಂಡು ಬಂದು, ಈ ಅಂಗಡಿ ಹಾಕಿಕೊಟ್ಟು, ನಾವು ಬರುವುದಕ್ಕೆ ಎರಡು ವರ್ಷ ಮೊದಲು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮದುವೆಯ ಕಥೆಯನ್ನು ಯಾರಾದರೂ ಕೆದಕಿದರೆ ಬಾಯಮ್ಮ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದರು: "ಮೀನು ಕೊಳ್ಳಲಿಕ್ಕೆ ಬಂದವರು, ಮೀನು ಬಿಟ್ಟು ನನ್ನನ್ನು ತಂದರು."

ಗಂಡನಿಂದ ಕೊಂಕಣಿ, ಮೀನು ಮಾರುವ ಹೆಂಗಸರಿಂದ ತುಳು, ಗಿರಾಕಿಗಳಿಂದ ಕನ್ನಡ ಕಲಿತಿದ್ದರು. ಮೂರನ್ನೂ ಒಟ್ಟಿಗೆ ಆಡುತ್ತಿದ್ದರು. ಅದನ್ನೆಲ್ಲ ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಂಗಡಿಯ ಎದುರಿನ ಕಪಾಟುಗಳಲ್ಲಿ ಓಣಿಯವರಿಗೆ ಬೇಕಾದ ಸಾಬೂನು, ತೆಂಗಿನೆಣ್ಣೆ, ಹಿಡಿಸೂಡಿ. ಒಳಗಿನ ಕಪಾಟಿನಲ್ಲಿ ಓಣಿಯವರು ಮುಟ್ಟದ ಸಾಮಾನು: ಹಪ್ಪಳದಂತೆ ಕಂಡರೂ ಎಣ್ಣೆಗೆ ಹಾಕದೆ ನೀರಿನಲ್ಲಿ ಅದ್ದಿ ತಿನ್ನುವ ಅಕ್ಕಿಯ ಹಾಳೆಗಳು, ಒಣ ಅಣಬೆ, ಚಕ್ರಮೊಗ್ಗು, ಮದರಾಸಿನಿಂದ ಲಾರಿಯಲ್ಲಿ ಬರುವ ಅಕ್ಕಿ ನೂಡಲ್ಸ್. ಹಿತ್ತಲಲ್ಲಿ ಮಜ್ಜಿಗೆಹುಲ್ಲು, ಹೆಸರು ತಿಳಿಯದ ನಾಲ್ಕಾರು ಸೊಪ್ಪುಗಳು. ಕೊಳ್ಳುವವರು ಮಲೇಷ್ಯಾದಿಂದ ಕಲಿಯಲು ಬಂದ ಹುಡುಗ ಹುಡುಗಿಯರು, ಮಣಿಪುರ, ಮಿಜೋರಾಂ ಕಡೆಯ ನರ್ಸುಗಳು. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಒಮ್ಮೆ ಜೋಳದ ಹಿಟ್ಟು ಕೇಳಿದರು. ಮುಂದಿನ ವಾರದಿಂದ ಅದೂ ಬಂತು. ಊರು ಬಿಟ್ಟು ಬಂದವರಿಗೆ ಏನು ಬೇಕಾಗುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲಿ ಸಾಮಾನು ಕೊಳ್ಳುವುದು ಸಲೀಸಾದ ಕೆಲಸವಲ್ಲ. ಮೊದಲು "ಇವತ್ತು ಎಂತ ಅಡುಗೆ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಉತ್ತರ ಸರಿಯಾಗಿದ್ದರೆ ಸಾಮಾನಿನ ಜೊತೆ ಒಂದು ಹಿಡಿ ಸೊಪ್ಪು ಪುಕ್ಕಟೆ. ನೂಡಲ್ಸನ್ನು ಟೊಮೆಟೊ ಸಾಸಿನಲ್ಲಿ ಕಲಸುತ್ತೇನೆ ಎಂದ ಒಬ್ಬ ವಿದ್ಯಾರ್ಥಿಯ ಕೈಯಿಂದ ಪೊಟ್ಟಣ ವಾಪಸು ತೆಗೆದುಕೊಂಡು, ಅವನನ್ನು ಅಕ್ಕಿಮುಡಿಯ ಮೇಲೆ ಕೂರಿಸಿ, ಒಳಗೆ ಹೋಗಿ ಮಾಡಿ ತಂದು ತಿನ್ನಿಸಿ, ಆಮೇಲೆ ಪೊಟ್ಟಣ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಯಾವುದಾದರೂ ಒಣ ಸಾಮಾನನ್ನು ಇದು ಒಳ್ಳೆಯದುಂಟಾ ಎಂದು ಕೇಳಿದರೆ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ಮೊದಲು ಮೂಸಿ. ಮತ್ತೆ ಹೇಳಿ." ಅದು ಅವರ ಮಾತು. ಓಣಿಯ ಹೆಂಗಸರು ಬೇರೆ ಅಂಗಡಿಗೆ ಹೋದಾಗಲೂ ಬೇಳೆ ಮೂಸಲು ಶುರುಮಾಡಿದ್ದು ಹಾಗೆ.

ಅಮ್ಮನಿಗೂ ಅವರಿಗೂ ಸ್ನೇಹವಾದದ್ದು ಸೇಮಿಗೆ, ಅಂದರೆ ಶಾವಿಗೆ, ಒತ್ತುವ ಮಣೆಯಿಂದ. ಒಮ್ಮೆ ಮದರಾಸಿನ ಲಾರಿ ಬರಲಿಲ್ಲ, ನೂಡಲ್ಸ್ ಇಲ್ಲ. ಹುಡುಗರು ಬಂದು ಬಂದು ಬರಿಗೈಯಲ್ಲಿ ಹೋಗುವುದನ್ನು ನೋಡಿ ಅಮ್ಮ ನಮ್ಮ ಮರದ ಸೇಮಿಗೆ ಮಣೆಯನ್ನು ಪಾಗಾರದ ಮೇಲಿಟ್ಟು, ಇದರಲ್ಲಿ ಒತ್ತಿದರೆ ಆಗದಾ ಎಂದಳು. ಬಾಯಮ್ಮ ಅದನ್ನು ತಿರುಗಿಸಿ ನೋಡಿ ಒಂದೇ ಸಮನೆ ನಕ್ಕರು. ಅಂಥದ್ದೇ ಒಂದು ಅವರ ತಾಯಿಯ ಹತ್ತಿರ ಇತ್ತಂತೆ. ಅಲ್ಲಿಂದ ಪ್ರತಿ ಭಾನುವಾರ ಅವರು ಇಗರ್ಜಿಯ ಪೂಜೆಯಿಂದ ಬಂದ ಮೇಲೆ ಇಬ್ಬರೂ ಸೇರಿ ಸೇಮಿಗೆ ಒತ್ತುವುದು ಪದ್ಧತಿಯಾಯಿತು. ನಾವು ತೆಂಗಿನಹಾಲಿನಲ್ಲಿ ತಿಂದೆವು, ಹುಡುಗರು ಸಾರಿನಲ್ಲಿ ತಿಂದರು.

ಇನ್ನು ಭರಣಿ. ಅದು ಅಂಗಡಿಯ ಹಿಂದಿನ ಕೋಣೆಯಲ್ಲಿ ಒಲೆಯ ಗೋಡೆಗೆ ಒರಗಿ, ಎರಡು ಕಗ್ಗಲ್ಲಿನ ಮೇಲೆ ಕೂತಿತ್ತು. ನಮ್ಮಲ್ಲಿ ಮಾವಿನ ಮಿಡಿ ಹಾಕುವ ದೊಡ್ಡ ಪಿಂಗಾಣಿ ಭರಣಿಯೇ. ಜೋಳದ ಹಿಟ್ಟಿಗೆ ಬರುತ್ತಿದ್ದ ಟೈಲ್ಸ್ ಕೆಲಸದವನೊಬ್ಬನಿಂದ ಬುಡದಲ್ಲಿ ತೂತು ಕೊರೆಸಿ, ಬಿದಿರಿನ ಕೊಳವೆ ಸಿಕ್ಕಿಸಿ, ಅದಕ್ಕೆ ಬಟ್ಟೆ ಸುತ್ತಿದ ಬಿರಡೆ ಹಾಕಿದ್ದರು. ನಾವು ಬಂದ ವರ್ಷ ಮಳೆಗಾಲ ಮುಗಿದು ಕೊಲ್ಲತರು ಮೀನು ಬರಲು ಶುರುವಾದಾಗ ಒಂದು ಬುಟ್ಟಿ ಪೂರ್ತಿ ತೆಗೆದುಕೊಂಡು, ಒಂದು ಪದರ ಮೀನು, ಒಂದು ಪದರ ಉಪ್ಪು ಎಂದು ತುಂಬಿಸಿ, ಮೇಲೆ ಕಲ್ಲು ಹೇರಿ ಮುಚ್ಚಿದರು. ವಾಸನೆಯ ಬಗ್ಗೆ ಓಣಿಯಲ್ಲಿ ಸ್ವಲ್ಪ ಗುಸುಗುಸು ಎದ್ದಿತು. ಅಮ್ಮ ಅವರ ಪರ ನಿಂತಳು. ನಮ್ಮ ಮನೆಗಳಲ್ಲಿ ಒಣಮೀನು ಸುಡುವಾಗ ಯಾರ ಮೂಗು ಬಿದ್ದುಹೋಗಿದೆ ಎಂದು ಕೇಳಿದಳು. ಯಾರದ್ದೂ ಬಿದ್ದಿರಲಿಲ್ಲ.

ಒಳಗಿರುವುದು ಉಪ್ಪುಮೀನು ಎಂದು ನಾವೆಲ್ಲ ತಿಳಿದಿದ್ದೆವು. ಮೀನಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಕರಾವಳಿಯವರಿಗೆ ಬೇರೆ ಏನು ಹೊಳೆಯಬೇಕು?

ಮರುವರ್ಷ ಬೇಸಗೆಯ ಕೊನೆಗೆ ಬಾಯಮ್ಮನಿಗೆ ಊರಿನಿಂದ ಒಂದು ಕಾಗದ ಬಂತು. ಅಣ್ಣ ಬರೆದದ್ದು. ತಂದೆ ತಾಯಿ ಇಲ್ಲದ ಮೇಲೆ ದೊಡ್ಡಣ್ಣನೇ ತಂದೆ ಎಂಬ ಲೆಕ್ಕ ಅವರದು, ನಮ್ಮಲ್ಲಿದ್ದ ಹಾಗೆಯೇ. ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಪರದೇಶದಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀ, ಅಂಗಡಿ ಮುಚ್ಚು, ಮಳೆ ಕಡಿಮೆಯಾದ ಕೂಡಲೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದರು. ಬಾಯಮ್ಮನಿಗೆ ಹೋಗುವ ಮನಸ್ಸಿರಲಿಲ್ಲ. ಅಣ್ಣನಿಗೆ ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಬನ್ನಿ, ನೋಡಿ, ನೋಡಿದ ಮೇಲೆ ನೀವು ಹೇಳಿದಂತೆ ಎಂದು ಉತ್ತರ ಬರೆದರು. ಇಷ್ಟನ್ನು ಅಮ್ಮನಿಗೆ ಹೇಳಿದ್ದರು. "ಅಕ್ಕ, ಅಣ್ಣ ಬರುವ ದಿನ ಭರಣಿ ತೆಗೆಯುವುದುಂಟು" ಎಂದೂ ಹೇಳಿದ್ದರು. ಅವರ ಮನೆತನದ ಕಸುಬೇ ಭರಣಿಯದ್ದು, ಅಣ್ಣ ಈಗಲೂ ಅದನ್ನೇ ಮಾಡುವವರು ಎಂಬುದು ಮಾತ್ರ ಆಗ ಬಾಯಿಗೆ ಬರಲಿಲ್ಲ.

ಆಟಿ ತಿಂಗಳ ಮಳೆಯಲ್ಲಿ ಅಂಗಡಿಯ ಹಿಂದಿನ ಮೆಟ್ಟಿಲಿನ ಪಾಚಿಗೆ ಜಾರಿ ಬಾಯಮ್ಮ ಕಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು, ಕೆಮ್ಮಣ್ಣಿನಲ್ಲಿ ಗಂಡನ ಮನೆಯವರ ಹತ್ತಿರ ಹೋಗಿ ಮಲಗಿದರು. ಹೋಗುವಾಗ ಆಟೊದಲ್ಲಿ ಕೂತು ಅಂಗಡಿಯ ಬೀಗದ ಕೈಯನ್ನು ಅಮ್ಮನಿಗೆ ಎರಡು ಕೈಯಲ್ಲಿ ಕೊಟ್ಟು, "ಭರಣಿ ನೋಡಿಕೊಳ್ಳಿ ಅಕ್ಕ" ಎಂದರು.

ಅಮ್ಮ ನೋಡಿಕೊಂಡಳು. ಅಷ್ಟು ಶ್ರದ್ಧೆಯಿಂದ ಅವಳು ನಮ್ಮ ಮನೆಯ ಮಿಡಿ ಭರಣಿಯನ್ನೂ ನೋಡಿಕೊಂಡವಳಲ್ಲ. ದಿನಾ ಬೆಳಿಗ್ಗೆ ಹೋಗಿ ಮುಚ್ಚಳದ ಸುತ್ತ ಒಣ ಬಟ್ಟೆಯಿಂದ ಒರಸಿ ಬರುತ್ತಿದ್ದಳು. ಮೂರನೆಯ ವಾರ ಅವಳಿಗೆ ಅನುಮಾನ ಬಂತು. ಬಾಯಮ್ಮನ ಮಾತಿನಂತೆಯೇ ಮುಚ್ಚಳ ತೆಗೆದು ಮೂಸಿದಳು. ನನ್ನನ್ನು ಕರೆದಳು. ಮೀನು ಮುಕ್ಕಾಲು ಕರಗಿ, ಮೇಲೆ ಚಹಾ ಡಿಕಾಕ್ಷನ್ನಿನ ಬಣ್ಣದ ನೀರು ನಿಂತಿತ್ತು. ಮಳೆಯ ತಂಪು ಹೊಡೆದು ಕೆಟ್ಟಿದೆ, ಅಣ್ಣ ಬರುವ ಹೊತ್ತಿಗೆ ಪಾಪ ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಕಳವಳ. ಉಪ್ಪುಮೀನು ನೀರು ಬಿಟ್ಟರೆ ನಮ್ಮಲ್ಲಿ ಮಾಡುವುದು ಒಂದೇ: ಹಳೆಯ ನೀರು ಚೆಲ್ಲಿ ಹೊಸ ಉಪ್ಪು ಹಾಕುವುದು.

ಅಷ್ಟು ದೊಡ್ಡ ಭರಣಿಯನ್ನು ಬಗ್ಗಿಸುವುದು ಹೇಗೆ ಎಂದು ನಾವು ಯೋಚಿಸುತ್ತಿರುವಾಗ ಬುಡದ ಬಿರಡೆ ಕಣ್ಣಿಗೆ ಬಿತ್ತು. ಅಮ್ಮನಿಗೆ ಮೆಚ್ಚುಗೆಯಾಯಿತು. "ಎಷ್ಟು ಬುದ್ಧಿ ನೋಡು. ಹಾಳು ನೀರು ಹೋಗಲಿಕ್ಕೆ ದಾರಿ ಮೊದಲೇ ಮಾಡಿ ಇಟ್ಟಿದ್ದಾರೆ."

ನಾನು ಮೊಣಕಾಲೂರಿ ಬಿರಡೆ ಎಳೆದೆ. ಕೊಡಪಾನ ತುಂಬಿದ ಹಾಗೆಲ್ಲ ಅಮ್ಮ ಪಾಗಾರದ ಮೇಲಿಂದ ತೆಂಗಿನಮರದ ಬುಡಕ್ಕೆ ಸುರಿದಳು. ಆಮೇಲೆ ಸ್ನಾನ ಮಾಡಿ ಬಂದು, ಕೈಯಲ್ಲಿ ಹನಿ ನೀರಿಲ್ಲದಂತೆ ಒರಸಿಕೊಂಡು, ಬಾಣಲೆಯಲ್ಲಿ ಬಿಸಿಮಾಡಿ ಆರಿಸಿದ ಕಲ್ಲುಪ್ಪನ್ನು ಉಳಿದ ಮೀನಿನ ಮೇಲೆ ಹರಡಿ, ಕಲ್ಲು ಹೇರಿ ಮುಚ್ಚಿದಳು. ಒಂದು ಮನೆಯ ಮಾನ ಉಳಿಸಿದ ಸಮಾಧಾನ ಅವಳ ಮುಖದಲ್ಲಿತ್ತು.

ಸೆಪ್ಟೆಂಬರಿನಲ್ಲಿ ಕ್ರಿಸ್ತುವರ ಮೊಂತಿ ಹಬ್ಬ ಕಳೆದು ಎರಡು ದಿನಕ್ಕೆ ಬಾಯಮ್ಮ ಊರುಗೋಲು ಹಿಡಿದುಕೊಂಡು ಬಂದರು. ಅಣ್ಣ ಬರಲು ಹನ್ನೆರಡು ದಿನ ಇತ್ತು. ನೇರ ಹಿಂದಿನ ಕೋಣೆಗೆ ಹೋದರು. ಅಮ್ಮ ಹಿಂದೆಯೇ ಹೋಗಿ ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ವಿವರಿಸಿದಳು. ಬಾಯಮ್ಮ ಮುಚ್ಚಳ ತೆಗೆದು ಒಳಗೆ ನೋಡಿದರು.

"ನೀರು?"

"ಚೆಲ್ಲಿದೆ. ಪೂರಾ ಕಪ್ಪಾಗಿತ್ತು ಬಾಯಮ್ಮ."

ಅವರು ಮುಚ್ಚಳವನ್ನು ಮತ್ತೆ ಮುಚ್ಚಿದರು. ಆಮೇಲೆ ಎಲ್ಲಿಗೆ ಚೆಲ್ಲಿದ್ದು ಎಂದು ಕೇಳಿದರು. ಅಮ್ಮ ತೋರಿಸಿದಳು. ಕುಂಟುತ್ತ ಪಾಗಾರದ ತನಕ ಹೋಗಿ ತೆಂಗಿನಮರದ ಬುಡವನ್ನೂ, ಮತ್ತೆ ತುದಿಯನ್ನೂ ನೋಡಿದರು. ಮೀನು ಕಸ, ಅಡುಗೆಗೆ ಉಪ್ಪಿನ ಬದಲು ಹನಿಸುವ ಆ ನೀರೇ ಸಾಮಾನು. ಹತ್ತು ತಿಂಗಳು ಕಾದದ್ದು ಆ ನೀರಿಗೆ. ತನ್ನ ಕೈ ಇಲ್ಲಿನ ಮೀನಿಗೆ, ಇಲ್ಲಿನ ಉಪ್ಪಿಗೆ ಹೊಂದಿಕೊಂಡಿದೆ ಎಂದು ಅಣ್ಣನಿಗೆ ತೋರಿಸಲು ತನ್ನ ಹತ್ತಿರ ಇದ್ದದ್ದು ಅದೊಂದೇ. ಇದನ್ನೆಲ್ಲ ಅವರು ಅಲ್ಲಿ ನಿಂತುಕೊಂಡೇ, ಬೆಲೆ ಹೇಳುವ ಧ್ವನಿಯಲ್ಲಿ ಹೇಳಿದರು. ಬೈಯಲಿಲ್ಲ. ಅಮ್ಮ ಆ ಮಧ್ಯಾಹ್ನ ಊಟ ಮಾಡಲಿಲ್ಲ.

ಸಂಜೆ ಬಾಯಮ್ಮನೇ ಪಾಗಾರದ ಹತ್ತಿರ ಬಂದು ಅಮ್ಮನನ್ನು ಕರೆದರು. ಮೊದಲ ನೀರು ತೆಗೆದ ಮೇಲೆ ಅವರ ಊರಿನಲ್ಲಿ ಬಡವರಿಗಾಗಿ ಎರಡನೆಯ ನೀರು ತೆಗೆಯುವ ಕ್ರಮ ಉಂಟಂತೆ. ಉಪ್ಪುನೀರು ಕುದಿಸಿ ಆರಿಸಿ ಅದೇ ಮೀನಿಗೆ ಹೊಯ್ದು ಇಳಿಸುವುದು. "ನೀವು ಉಪ್ಪು ಹಾಕಿದ್ದು ಒಳ್ಳೆಯದಾಯ್ತು ಅಕ್ಕ, ಅರ್ಧ ಕೆಲಸ ಆಗಿದೆ" ಎಂದರು. ಅದು ಸಮಾಧಾನವೋ ಚುಚ್ಚುಮಾತೋ ಎಂದು ಅಮ್ಮ ಕೊನೆಯವರೆಗೂ ತೀರ್ಮಾನಿಸಲಿಲ್ಲ. ಇಬ್ಬರೂ ಸೇರಿ ನೀರು ಕುದಿಸಿದರು. ಹತ್ತು ದಿನ ಬಿಟ್ಟು ಇಳಿಸಿದಾಗ ಒಂದು ಬಾಟಲಿ ಬಂತು, ಬಿಸಿಲಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳ್ಳಗೆ.

ಅಣ್ಣ ಬಂದರು. ಒಣಗಿದ ಮೈಯ, ಬಿಳಿ ಅಂಗಿಯ, ಮಾತು ಕಡಿಮೆಯ ಮನುಷ್ಯ. ಎರಡು ದಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಬರುವವರನ್ನು, ಹೋಗುವವರನ್ನು ನೋಡಿದರು. ಮೂರನೆಯ ದಿನ ಮಧ್ಯಾಹ್ನ ಬಾಯಮ್ಮ ನಮ್ಮನ್ನೂ ಊಟಕ್ಕೆ ಕರೆದರು. ಅನ್ನ, ಬಾಳೆಹೂವಿನ ಒಂದು ಪದಾರ್ಥ, ಹುರಿದ ಕಾಣೆ ಮೀನು, ನಡುವೆ ಸಣ್ಣ ಬಟ್ಟಲಿನಲ್ಲಿ ಆ ತೆಳ್ಳಗಿನ ನೀರು. ಅಣ್ಣ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ತಂಗಿಯ ಮುಖ ನೋಡಿ ಎರಡು ಶಬ್ದ ಆಡಿದರು. ಬಾಯಮ್ಮ ಕಿಟಕಿಯಾಚೆಯ ತೆಂಗಿನಮರಕ್ಕೆ ಕೈ ತೋರಿಸಿದರು. ಮೊದಲ ನೀರು ಎಲ್ಲಿ ಎಂದು ಅಣ್ಣ ಕೇಳಿರಬೇಕು. ಅದು ತಿಳಿಯಲು ಭಾಷೆ ಬೇಕಿರಲಿಲ್ಲ.

ಅಮ್ಮ ಎದ್ದು ನಿಂತಳು. "ನಾನು ಚೆಲ್ಲಿದ್ದು. ಅವರ ಕೈಯ ತಪ್ಪಿಲ್ಲ. ಹಾಗೆ ಹೇಳಿ ಬಾಯಮ್ಮ, ನಾನು ಚೆಲ್ಲಿದ್ದು ಅಂತಲೇ ಹೇಳಿ."

ಬಾಯಮ್ಮ ಹೇಳಿದರು. ಅಣ್ಣ ಮತ್ತೇನೋ ಕೇಳಿದರು. ಉಪ್ಪು ಹೇಗೆ ಹಾಕಿದಿರಿ ಎಂದು ಕೇಳುತ್ತಿದ್ದಾರೆ ಎಂದರು ಬಾಯಮ್ಮ. ಅಮ್ಮ ಪೊಲೀಸರ ಎದುರು ಹೇಳಿಕೆ ಕೊಡುವವಳಂತೆ ಸ್ನಾನ ಮಾಡಿದ್ದು, ಉಪ್ಪು ಬಿಸಿಮಾಡಿದ್ದು, ಕಲ್ಲು ತೊಳೆದು ಒಣಗಿಸಿದ್ದು, ಎಲ್ಲವನ್ನೂ ಹೇಳಿದಳು. ಬಿರಡೆ ಎಳೆದದ್ದು ಯಾರು ಎಂದು ಮಾತ್ರ ಹೇಳಲಿಲ್ಲ. ನಾನು ಅನ್ನ ಕಲಸುತ್ತ ತಲೆ ತಗ್ಗಿಸಿಕೊಂಡಿದ್ದೆ. ಎಲ್ಲ ಕೇಳಿದ ಮೇಲೆ ಅಣ್ಣ ಮೊದಲ ಸಲ ನಕ್ಕರು, ತಂಗಿಗೆ ಏನೋ ಹೇಳಿದರು, ಆ ತೆಳ್ಳಗಿನ ನೀರನ್ನೇ ಅನ್ನಕ್ಕೆ ಹಾಕಿಕೊಂಡು ಉಂಡರು. ಅವರು ಏನೆಂದರು ಎಂದು ಅಮ್ಮ ಕೇಳಿದ್ದಕ್ಕೆ ಬಾಯಮ್ಮ, ಎಂತ ಇಲ್ಲ, ಊಟ ಮಾಡಿ ಎಂದರು.

ನಾಲ್ಕು ದಿನ ಬಿಟ್ಟು ಅಣ್ಣ ಒಬ್ಬರೇ ವಾಪಸು ಹೋದರು.

ಆ ವರ್ಷ ಕೊಲ್ಲತರು ಬಂದಾಗ ಭರಣಿ ತುಂಬಿಸಲು ಅಮ್ಮನೂ ಕೂತಳು. ಅಲ್ಲಿಂದ ಎಂಟು ವರ್ಷ ಪ್ರತಿ ಸಲ ಕೂತಳು. ಮೊದಲ ನೀರು ಇಳಿಸುವ ದಿನ ಬಾಯಮ್ಮ ಒಂದು ಬಾಟಲಿ ತಂದು, ಎರಡು ಕೈಯಲ್ಲಿ ಹಿಡಿದು, "ತೆಂಗಿನಮರಕ್ಕೆ" ಎಂದು ಅಮ್ಮನಿಗೆ ಕೊಡುತ್ತಿದ್ದರು. ಎಂಟು ವರ್ಷವೂ ಅದೇ ತಮಾಷೆ. ಎಂಟು ವರ್ಷವೂ ಅಮ್ಮ ನಾಚಿದಳು. ಆ ಬಾಟಲಿಯ ನಾಲ್ಕು ಹನಿ ನಮ್ಮ ಮನೆಯ ಬಸಳೆ ಗಸಿಗೆ ಬೀಳದೆ ಇರುತ್ತಿರಲಿಲ್ಲ.

ನಾನು ಮದುವೆಯಾಗಿ ಕಾರ್ಕಳಕ್ಕೆ ಹೋದೆ. ಎರಡು ಸಾವಿರದ ಎಂಟರ ಸುಮಾರಿಗೆ ಬಾಯಮ್ಮನಿಗೆ ಹೊಟ್ಟೆಯ ಕಾಯಿಲೆ ಹಿಡಿಯಿತು. ನೋಡಲು ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿದ್ದರು, ಭರಣಿ ಕಾಣುವ ಹಾಗೆ ಮಂಚ ಹಾಕಿಸಿಕೊಂಡು. ಅಮ್ಮ ಗಂಜಿ ತರಲು ಹೋದ ಹೊತ್ತು ನೋಡಿ ನಾನು ಹೇಳಿದೆ: ಆವತ್ತು ಬಿರಡೆ ಎಳೆದದ್ದು ನಾನು.

"ಗೊತ್ತುಂಟು" ಎಂದರು. "ನಿನ್ನ ಅಮ್ಮನ ಸೊಂಟ ಅಷ್ಟು ಬಗ್ಗುವುದಿಲ್ಲ."

ಆಮೇಲೆ, ನಾನು ಕೇಳದೆಯೇ, ಅಣ್ಣ ಆ ದಿನ ಹೇಳಿದ್ದು ಏನೆಂದು ತಿಳಿಸಿದರು. "ಬೇರೆಯವರ ಭರಣಿ ಅಂದುಕೊಂಡವರು ಮುಚ್ಚಿ ಇಟ್ಟು ಹೋಗ್ತಾರೆ. ತನ್ನದು ಅಂದುಕೊಂಡವರೇ ಹೀಗೆ ಹಾಳು ಮಾಡುವುದು. ನೀನು ಇಲ್ಲಿ ಒಬ್ಬಳೇ ಅಲ್ಲ. ಹಾಗೆ ಹೇಳಿದರು." ಇಷ್ಟು ವರ್ಷ ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ಮುಂದಿನ ವರ್ಷವೂ ಚೆಲ್ಲುತ್ತಿದ್ದರು ಎಂದು ನಗಲು ಹೋಗಿ ಕೆಮ್ಮಿದರು.

ಆ ಮಳೆಗಾಲದಲ್ಲೇ ತೀರಿಕೊಂಡರು. ಕೆಮ್ಮಣ್ಣಿನಲ್ಲಿ ಗಂಡನ ಪಕ್ಕ ಮಣ್ಣು ಮಾಡಿದರು. ಗಂಡನ ಮನೆಯವರು ಅಂಗಡಿ ಖಾಲಿ ಮಾಡಲು ಬಂದಾಗ ನೆನಪಿಗೆ ಏನಾದರೂ ಇಟ್ಟುಕೊಳ್ಳಿ ಎಂದು ಅಮ್ಮನಿಗೆ ಹೇಳಿದರು. ಅಮ್ಮ ಭರಣಿ ಕೇಳಿದಳು. ನಾಲ್ಕು ಜನ ಸೇರಿ, ಅಲುಗಾಡಿಸದೆ, ಪಾಗಾರ ಸುತ್ತಿಕೊಂಡು ತಂದು ನಮ್ಮ ಅಡುಗೆಕೋಣೆಯ ಒಲೆಯ ಪಕ್ಕ ಇಟ್ಟರು. ಆ ವರ್ಷದ್ದು ಒಳಗೇ ಇತ್ತು, ಇನ್ನೂ ಮೂರು ತಿಂಗಳು ಬಾಕಿ.

ಮೂರು ತಿಂಗಳು ಅಮ್ಮ ಮುಚ್ಚಳ ತೆಗೆಯಲಿಲ್ಲ. ಮೂಸಲಿಲ್ಲ ಕೂಡ. ದಿನ ತುಂಬಿದಾಗ ನನ್ನನ್ನು ಕಾರ್ಕಳದಿಂದ ಕರೆಸಿದಳು. ಬಗ್ಗಲು ತನ್ನಿಂದ ಆಗುವುದಿಲ್ಲ, ನೀನೇ ಎಳೆ ಎಂದಳು. ನಾನು ಮೊಣಕಾಲೂರಿ ಬಿರಡೆ ಎಳೆದೆ. ಮೊದಲು ಏನೂ ಬರಲಿಲ್ಲ, ಆಮೇಲೆ ಒಂದೊಂದು ಹನಿ, ಆಮೇಲೆ ನೂಲಿನಂತೆ. ಬಾಟಲಿ ತುಂಬಲು ಒಂದು ಗಂಟೆ ಹಿಡಿಯಿತು. ಅಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಚೆಯ ಬೆರಳು ಕಾಣಲಿಲ್ಲ.

ಸೆರಗಿನಿಂದ ಬಾಟಲಿಯ ಹೊರಗನ್ನು ಒರಸಿ ನನಗೆ ಕೊಟ್ಟಳು. ಹುಟ್ಟಿದಲ್ಲಿಂದ ನನಗೆ ಅಮ್ಮ ಏನು ಕೊಟ್ಟರೂ ಒಂದು ಕೈಯಲ್ಲಿ, ಇನ್ನೊಂದು ಕೆಲಸ ಮಾಡುತ್ತಲೇ ಕೊಟ್ಟವಳು. ಆ ದಿನ ಎರಡು ಕೈಯಲ್ಲಿ ಹಿಡಿದಿದ್ದಳು. ನಾನೂ ಎರಡು ಕೈ ಚಾಚಿದೆ.